ಕೊಬ್ಬರಿ ಹಾಕದ ಪುಡಿಗೆ ವರ್ಷ ತುಂಬಿತು

ಹೋದ ಬೇಸಿಗೆಯಲ್ಲಿ ಕುಟ್ಟಿಸಿದ ಮಸಾಲೆ ಪುಡಿಯ ಕೊನೇ ಡಬ್ಬಿ ಮೊನ್ನೆ ತೆಗೆದೆ. ಬಣ್ಣ ಹಂಗೇ ಕೆಂಪು, ಗಂಟಿಲ್ಲ, ಹುಳ ಇಲ್ಲ, ಕಮಟು ವಾಸನೆಯಂತೂ ಇಲ್ಲವೇ ಇಲ್ಲ. "ಕೊಬ್ಬರಿ ಹಾಕದೆ ಅದೆಂಥ ಸಾರಿನ ಪುಡಿ, ಆಸ್ಪತ್ರೆ ಊಟಕ್ಕಾ?" ಅಂದಿದ್ದ ನಮ್ಮತ್ತೆ ಅದೇ ಸಾರಿಗೆ ಎರಡನೇ ಮುದ್ದೆ ಹಾಕಿಸ್ಕೊಂಡರು. ಇನ್ನು ಬರೆಯೋಕೆ ಧೈರ್ಯ ಬಂತು.

ನನ್ನ ಹಟ ಇಷ್ಟೇ. ಸಾರಿಗೊಂದು, ಪಲ್ಯಕ್ಕೊಂದು, ಎಣ್ಣೆಗಾಯಿಗೊಂದು, ಬಾತಿಗೊಂದು ಅಂತ ವರ್ಷಕ್ಕಾಗುವಷ್ಟು ಬೇರೆ ಬೇರೆ ಕುಟ್ಟಿಸೋದು ಬೇಡ. ಎಲ್ಲಕ್ಕೂ ಬುಡವಾಗೋ ಒಂದೇ ಪುಡಿ, ಬುಡದ ಪುಡಿ, ಸಾಕು. ಎಣ್ಣೆ ಬಿಡೋ ಯಾವುದೂ ಅದರೊಳಗೆ ಬರಬಾರದು. ಕೊಬ್ಬರಿ, ಶೇಂಗಾ, ಎಳ್ಳು, ಗುರೆಳ್ಳು (ಹುಚ್ಚೆಳ್ಳು), ಗಸಗಸೆ ಎಲ್ಲಾ ಹೊರಗೆ. ಹುರಿಯುವಾಗಲೂ ಎಣ್ಣೆ ಹನಿಸಬಾರದು. ಅವನ್ನೆಲ್ಲ ಹದಿನೈದು ದಿನಕ್ಕೊಮ್ಮೆ ಸಣ್ಣ ಡಬ್ಬಿಯಷ್ಟು ಮಿಕ್ಸಿಗೆ ಹಾಕಿ ಸೇರಿಸ್ಕೊಳ್ಳೋದು.

ಹಟ ಹುಟ್ಟಿದ್ದು ದುಡ್ಡು ಕಳೆದುಕೊಂಡ ಮೇಲೆ. ಮುಂಚೆ ಎಲ್ಲರ ಹಾಗೆ ಕೊಬ್ಬರಿ, ಗಸಗಸೆ ಸಮೇತ 5 ಕೆಜಿ ಕುಟ್ಟಿಸ್ತಿದ್ವಿ. ಮಳೆಗಾಲ ಹಿಡಿದದ್ದೇ ತಡ, ಡಬ್ಬಿ ತೆಗೆದರೆ ಹಳೇ ಎಣ್ಣೆ ವಾಸನೆ. ದೀಪಾವಳಿ ಹೊತ್ತಿಗೆ ಅರ್ಧಕ್ಕರ್ಧ ತಿಪ್ಪೆಗೆ. ಒಂದು ವರ್ಷ ಸುಮಾರು 2,000 ರೂಪಾಯಿ ಹಾಗೇ ಹೋಯ್ತು. ಮರುವರ್ಷ ಕೊಬ್ಬರಿ ಬಿಟ್ಟೆ, ಗಿರಣಿಯವನು ಕೆಡಿಸಿದ. ಕುಟ್ಟೋ ಮಿಷನ್ ರಿಪೇರಿ ಅಂತ ಕಲ್ಲಿನ ಗಿರಣಿಗೆ ಸುರಿದ, ಪುಡಿ ಕೈಗೆ ಹಿಡಿಯೋಕಾಗದಷ್ಟು ಬಿಸಿ ಬಂತು, ಮೇಲೆ "ಬೇಗ ತಗಂಡೋಗ್ರಿ" ಅಂತ ಹಂಗೇ ಕವರಿಗೆ ತುಂಬಿಕೊಟ್ಟ. ಬೆವೆತು ಗಡ್ಡೆ ಕಟ್ಟಿತು. ಈಗ ಕುಟ್ಟೋ ಮಿಷನ್ ಇದ್ದಲ್ಲಿ ಮಾತ್ರ ಹೋಗ್ತೀನಿ. ಬೆಳಿಗ್ಗೆ ಮೊದಲನೇ ಪಾಳಿ ಹಿಡೀತೀನಿ, ಹಿಂದಿನವರ ಅರಿಶಿನ, ಹಿಟ್ಟು ಸೇರಬಾರದು ನೋಡಿ. ಮನೆಗೆ ತಂದು ಹಳೇ ಪಂಚೆ ಮೇಲೆ ಹರವಿ, ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿ.

ಮೆಣಸಿನಕಾಯಿ ವಿಷಯಕ್ಕೆ ಬರೋಣ. ನಾವು ದಾವಣಗೆರೆಯವರು, ಪ್ಯಾಸೆಂಜರ್ ರೈಲು ಹತ್ತಿದರೆ ಹರಿಹರ, ರಾಣೆಬೆನ್ನೂರು ದಾಟಿ ಬ್ಯಾಡಗಿ. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆ. ಆದರೆ ಅಲ್ಲಿ ಸಿಕ್ಕಿದ್ದೆಲ್ಲ ಬ್ಯಾಡಗಿ ತಳಿ ಅಲ್ಲ, ಬಳ್ಳಾರಿ ಕಡೆಯದು, ಆಂಧ್ರದ್ದು ಎಲ್ಲಾ ಅದೇ ಮಾರುಕಟ್ಟೆಗೆ ಬರುತ್ತೆ. 2011ರಲ್ಲಿ ಬ್ಯಾಡಗಿ ತಳಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದೇನೋ ಹೌದು, ಚೀಲದ ಮೇಲೆ ಅದನ್ನ ನೋಡಿ ಕೊಳ್ಳೋಕಾಗಲ್ಲ, ಕಾಯಿ ನೋಡಬೇಕು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಕುಳ್ಳಗೆ ದುಂಡಗೆ, ಮೈಯೆಲ್ಲ ಸುಕ್ಕು. ಕಡ್ಡಿ ಉದ್ದ. ನನಗೆ ಡಬ್ಬಿಯೇ ಬೇಕು. ತೀರಾ ಮಿರಿಮಿರಿ ಮಿಂಚಿದರೆ ಬೆರಳಿಗೆ ಉಜ್ಜಿ ನೋಡ್ತೀನಿ, ಎಣ್ಣೆ ಹತ್ತಿದರೆ ಅಲ್ಲೇ ಬಿಟ್ಟು ಮುಂದಕ್ಕೆ. ಕೋಲ್ಡ್ ಸ್ಟೋರೇಜ್ ಮಾಲಾದರೆ ಬಿಸಿಲಿಗೆ ಇನ್ನೂ ಜಾಸ್ತಿ ದಿನ ಬೇಕು, ತೂಕವೂ ಇಳಿಯುತ್ತೆ. 2024ರ ಮಾರ್ಚಿನಲ್ಲಿ ದರ ಬಿದ್ದು ಬ್ಯಾಡಗಿಯಲ್ಲಿ ಗಲಾಟೆ ಆಯ್ತಲ್ಲ, ಅದಾದ ಮೇಲೆ ಚಿಲ್ಲರೆಗೂ ಸ್ವಲ್ಪ ಅಗ್ಗ ಸಿಗೋಕೆ ಶುರುವಾಯ್ತು. ನಮಗೆ ಲಾಭ, ಬೆಳೆದವರ ಕಷ್ಟ ಬೇರೆ. ನಾನು ತಂದಾಗ ಕೆಜಿಗೆ 350ರ ಆಸುಪಾಸು. ಉಳಿದದ್ದು ಇಲ್ಲೇ ಮಂಡಿಪೇಟೆಯಲ್ಲಿ.

ಅಂದಾಜು ಅಳತೆ: ಕೊತ್ತಂಬರಿ ಕಾಳು 1 ಕೆಜಿ, ಡಬ್ಬಿ ಮೆಣಸಿನಕಾಯಿ 600 ಗ್ರಾಂ, ಗುಂಟೂರು ಮೆಣಸಿನಕಾಯಿ 200, ಜೀರಿಗೆ 100, ಅರಿಶಿನ ಕೊಂಬು 100, ಕಾಳುಮೆಣಸು 50, ಸಾಸಿವೆ 50, ಮೆಂತ್ಯ 40. ಮೆಂತ್ಯ ಇದಕ್ಕಿಂತ ಜಾಸ್ತಿ ಮಾಡಿದರೆ ಮಕ್ಕಳು ತಟ್ಟೆ ದೂಡ್ತಾರೆ. ಇಂಗು, ನೆರಳಲ್ಲಿ ಒಣಗಿಸಿದ ಕರಿಬೇವು ಕೈ ಅಳತೆ. ಕೊತ್ತಂಬರಿ ಹುರಿದದ್ದು ಸಾಕಾ ಅನ್ನೋಕೆ ಬಣ್ಣ ನೋಡಬೇಡಿ, ಎರಡು ಕಾಳು ಬೆರಳಲ್ಲಿ ಒತ್ತಿದರೆ ಚಟ್ ಅಂತ ಹೋಳಾಗಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ನೀರಿದೆ. ಮೆಣಸಿನಕಾಯಿಯನ್ನ ಹುರಿಯೋದೇ ಇಲ್ಲ. ನಮ್ಮೂರ ಮಾರ್ಚ್ ಬಿಸಿಲಿಗೆ ಮಾಳಿಗೆ ಮೇಲೆ ಮೂರ್ನಾಲ್ಕು ದಿನ, ಅಲ್ಲಾಡಿಸಿದರೆ ಬೀಜ ಗಿಲಕಿ ಹಾಗೆ ಸದ್ದು ಮಾಡೋವರೆಗೆ. ತೊಟ್ಟು ಒಣಗಿದ ಮೇಲೆ ತೆಗೀರಿ, ಮೊದಲೇ ತೆಗೆದರೆ ಬೀಜ ಉದುರಿ ಹೋಗುತ್ತೆ.

ಗಿರಣಿ ಕೂಲಿ ಸೇರಿ ಖರ್ಚು 600 ಚಿಲ್ಲರೆ ಆಗಿತ್ತು. ಪುಡಿ 2 ಕೆಜಿಗೆ ಸ್ವಲ್ಪ ಕಡಿಮೆ, ಅಂದರೆ ಕೆಜಿಗೆ 320-330. ಅಂಗಡಿಯ 100 ಗ್ರಾಂ ಪಾಕೀಟಿಗೆ ನಾನು 50-60 ಕೊಡ್ತಿದ್ದೆ. ಹುಬ್ಬಳ್ಳಿಯ ನಾದಿನಿ ಈಗ ಮುಂಗಡ ದುಡ್ಡು ಕಳಿಸ್ತಾಳೆ, ಅವಳೇ ಮೊದಲು ನಕ್ಕಿದ್ದು.

ಇನ್ನು ಊಟ. ಎರಡು ಚಮಚ ಬುಡದ ಪುಡಿ, ಬೆಂದ ಬೇಳೆ, ಹುಣಸೆ, ಒಗ್ಗರಣೆ: ಮುದ್ದೆ ತಿರುವೋ ಹೊತ್ತಿಗೆ ಸಾರು ರೆಡಿ. ಪುಡಿ ಎರಡು ಪಾಲು, ಹುರಿದ ಶೇಂಗಾ ಒಂದು, ಗುರೆಳ್ಳು ಅರ್ಧ ಸೇರಿಸಿದರೆ ಬದನೆಕಾಯಿಗೆ ತುಂಬೋದು. ಪುಟಾಣಿ (ಹುರಿಗಡಲೆ) ಜೊತೆ ತಿರುವಿದರೆ ಒಗ್ಗರಣೆ ಮಂಡಕ್ಕಿಗೆ. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ ಬಾಡಿಸಿ, ಈ ಪುಡಿ ಉದುರಿಸಿ ಮಗುಚಿದರೆ ಆಯ್ತು. ಪಕ್ಕಕ್ಕೆ ಮಿರ್ಚಿ ಬಜ್ಜಿ ಇದ್ದರೆ ಇನ್ನೇನು ಬೇಕು. ಬಾತಿಗೆ ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕಲ್ಲುಹೂವು ಎಲ್ಲರಿಗೂ ಗೊತ್ತು. ನಾನು ಇನ್ನೊಂದು ಹಾಕ್ತೀನಿ, ಅದು ನಾದಿನಿಗೂ ಹೇಳಿಲ್ಲ.

ನಡುವೆ ಟೊಮೆಟೊ ಹುಚ್ಚು ಹಿಡಿದಿತ್ತು. ರೇಟು ಬಿದ್ದಾಗ 5 ಕೆಜಿ ತಂದು ಬಿಲ್ಲೆ ಕೊಯ್ದು ಉಪ್ಪು ಸವರಿ ಒಣಗಿಸಿದೆ, 300 ಗ್ರಾಂ ಸಿಕ್ಕಿತು. ರುಚಿ ಭರ್ಜರಿ, ಹುಣಸೆಯೇ ಬೇಡ. ಆದರೆ ಪುಡಿ ಮಾಡಿಟ್ಟರೆ ಗಾಳಿಯ ತೇವ ಎಳೆದು ಅಂಟುತ್ತೆ, ಹಾಗಾಗಿ ಬಿಲ್ಲೆಯಾಗೇ ಇಟ್ಟು ಬೇಕಾದಾಗ ಮುರಿದು ಹಾಕೋದು. ಹುಣಸೆ ಪುಡಿಯೂ ಅದೇ ಕಥೆ. ಜಗಳೂರು ಕಡೆಯ ಈರುಳ್ಳಿ ಒಣಗಿಸಿದೆ, ಮಾಳಿಗೆ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕ್ಕೊಂಡ್ರು. ಪಲ್ಯಕ್ಕೆ ಬಲು ಚೆನ್ನ, ಆದರೆ ಅಷ್ಟು ಹೆಚ್ಚೋರು ಯಾರು?

ಈ ಸಲ ಗುಂಟೂರು 150ಕ್ಕೆ ಇಳಿಸೋಣ ಅಂತಿದ್ದೀನಿ, ಚಿಕ್ಕವನಿಗೆ ಖಾರ ತಡೆಯಲ್ಲ. ಅತ್ತೆ ಮಾತ್ರ 250 ಹಾಕು ಅಂತ ಕೂತಿದ್ದಾರೆ.