ಹಣ್ಣು ಬಳ್ಳಿಯಲ್ಲೇ ನಿಂತ ಬೇಸಿಗೆ: ನಾನು ದೇವರನ್ನು ಕೇಳಿದ ಬಗೆ

ದೇವರು ದಾರಿ ತೋರಿಸಿದ ಅಂತ ಜನ ಹೇಳುತ್ತಾರೆ. ಹೇಗೆ ತೋರಿಸಿದ ಅಂತ ಕೇಳಿದರೆ ಮಾತ್ರ ಮಾತು ಬೇರೆ ಕಡೆ ಹೊರಳುತ್ತದೆ. ಕನಸಿನಲ್ಲಿ ಬಂದನಾ? ಕೇಳಿದ ಹೂ ಬಲಕ್ಕೆ ಬಿತ್ತಾ? ಯಾರದಾದರೂ ಮೈಮೇಲೆ ಬಂದು ಹೇಳಿದನಾ? ನನಗೆ ಇದ್ಯಾವುದೂ ಆಗಲಿಲ್ಲ. ಆದರೂ 2020ರ ಬೇಸಿಗೆಯಲ್ಲಿ ನಾನು ಅವನನ್ನು ಕೇಳಿಕೊಂಡೇ ನಡೆದೆ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ಊರು. ಸುತ್ತ ನೋಡಿದರೆ ದ್ರಾಕ್ಷಿ. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮಂದಿ ನಾವು. ಹೀಗಾಗಿ ತೋಟಕ್ಕೂ ಸಾಲಕ್ಕೂ ಮೊದಲಿಂದ ನಂಟು. ಸಾಮಾನ್ಯವಾಗಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮುಗಿಸಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ. ಆ ವರ್ಷ ಹಿಂಗಾರು ಮಳೆ ಬಿಡಲಿಲ್ಲ, ಚಾಟ್ನಿ ತಡವಾಯಿತು. ಹಣ್ಣು ಸಕ್ಕರೆ ಹಿಡಿಯುವಾಗ ಮಾರ್ಚ್ ಕೊನೆ ಬಂದಿತ್ತು.

ಮುಂದಿನದು ಎಲ್ಲರಿಗೂ ಗೊತ್ತು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ. 25ರಿಂದ ದೇಶಕ್ಕೆ ದೇಶವೇ ಬಂದ್. ನಮ್ಮ ಯಜಮಾನರು ಅವರ ತಂಗಿಯ ಆಸ್ಪತ್ರೆ ಕೆಲಸಕ್ಕೆ ಅಂತ ಸೊಲ್ಲಾಪುರಕ್ಕೆ ಹೋಗಿದ್ದರು. ಗಡಿ ಮುಚ್ಚಿತು, ಅಲ್ಲೇ ಉಳಿದರು. ಫೋನಿನಲ್ಲಿ ದರ ಮಾತಾಡಿದ್ದ ವ್ಯಾಪಾರಿ ಫೋನ್ ಎತ್ತುವುದನ್ನೇ ಬಿಟ್ಟ. ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ಹೊರಗೆ ತೋಟದ ತುಂಬ ಹಣ್ಣು. ಸೊಸೈಟಿಯ ಸಾಲದ ಕಂತು ಎದುರಿಗೇ ಇತ್ತು.

ನಾವು ಲಿಂಗವಂತರು. ಗುಡಿಗಿಂತ ಅಂಗೈಯೇ ನಮಗೆ ಹತ್ತಿರ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟು ಪೂಜೆ ಮಾಡುವುದು ಚಿಕ್ಕಂದಿನಿಂದ ರೂಢಿ. ಇದರಲ್ಲಿ ನನಗೆ ಬಹಳ ಹಿಡಿಸುವುದು ಒಂದೇ: ನಡುವೆ ಪೂಜಾರಿ ಇಲ್ಲ. ಹೆಂಗಸು ಅಂತ ಯಾರನ್ನೂ ಕೇಳಿಕೊಂಡು ಕೂರಬೇಕಿಲ್ಲ. ನನ್ನ ದೇವರು ನನ್ನ ಕೈಯಲ್ಲಿ, ನನ್ನ ಕಣ್ಣಿನ ಮುಂದೆ.

ಆದರೆ ಸಂಕಟದಲ್ಲಿ ಮನಸ್ಸು ಕೂರುವುದಿಲ್ಲ. ಇದನ್ನು ಮೊದಲೇ ಹೇಳಬೇಕು. ನಂಬಿಕೆ ಇದ್ದವರಿಗೆ ಕಷ್ಟಕಾಲದಲ್ಲಿ ಪೂಜೆ ಇನ್ನೂ ಚೆನ್ನಾಗಿ ಆಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ನನಗಂತೂ ಲಿಂಗ ನೋಡುತ್ತಾ ಕೂತರೆ ಕಣ್ಣಿಗೆ ಕಾಣುತ್ತಿದ್ದುದು ಉದುರುವ ಹಣ್ಣು. ಓಂ ನಮಃ ಶಿವಾಯ ಅನ್ನುವ ನಾಲಿಗೆ ಒಳಗೊಳಗೇ ಬಡ್ಡಿ ಲೆಕ್ಕ ಹಾಕುತ್ತಿತ್ತು. ಮೊದಮೊದಲು ಆ ಯೋಚನೆಗಳನ್ನು ತಳ್ಳಲು ನೋಡಿದೆ. ತಳ್ಳಿದಷ್ಟೂ ಬಂದವು. ಆಮೇಲೆ ಬೇರೆ ಮಾಡಿದೆ. ಇರುವುದನ್ನೆಲ್ಲ ಅವನ ಮುಂದೆ ಬಾಯಿಬಿಟ್ಟು ಹೇಳತೊಡಗಿದೆ. ಸ್ತೋತ್ರದ ಭಾಷೆಯಲ್ಲಿ ಅಲ್ಲ, ನಮ್ಮ ಮಾತಿನಲ್ಲೇ. ಇಷ್ಟು ಸಾಲ ಐತಿ, ಇವರು ಊರಾಗಿಲ್ಲ, ಆ ವ್ಯಾಪಾರಿ ಹಿಂಗ ಮಾಡಿದ, ನನಗ ಹೆದರಿಕಿ ಆಗೇತಿ. ಅಡುಗೆಮನೆಯಿಂದ ಅತ್ತೆಗೆ ಕೇಳಿಸಿತು. "ಏನವ್ವಾ, ಲಿಂಗದ ಮುಂದ ಪಂಚಾಯ್ತಿ ಹಚ್ಚೀದಿ?" ಅಂದರು. ಹೌದು, ಪಂಚಾಯ್ತಿಯೇ. ಹೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರಲು ಆಗುತ್ತಿತ್ತು. ಆ ಸ್ವಲ್ಪ ಹೊತ್ತೇ ನನಗೆ ಬೇಕಾಗಿದ್ದುದು.

ಇನ್ನೊಂದು ಬದಲಾವಣೆ, ಕೇಳುವ ಪ್ರಶ್ನೆಯದು. ಏನಾಗುತ್ತದೆ ಅಂತ ಕೇಳುತ್ತಿದ್ದೆ. ವ್ಯಾಪಾರಿ ಬರುತ್ತಾನಾ, ಬಂದ್ ಯಾವಾಗ ಮುಗಿಯುತ್ತದೆ, ಮಳೆ ಬರುತ್ತದಾ? ಇದಕ್ಕೆ ಉತ್ತರ ಬರಲಿಲ್ಲ. ಬರುವುದೂ ಇಲ್ಲ ಅನಿಸುತ್ತದೆ ನನಗೆ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ. ಶಕುನ, ಮುಹೂರ್ತ ನಂಬಬೇಡಿ ಅಂತ ಶರಣರು 12ನೇ ಶತಮಾನದಲ್ಲೇ ಹೇಳಿ ಹೋದರು. ಆದರೂ ಕಷ್ಟ ಬಂತು ಅಂದರೆ ನಮ್ಮ ಮಂದಿ ಮೊದಲು ಪಂಚಾಂಗ ಬಿಚ್ಚುತ್ತಾರೆ. ನಾಳೆಯದನ್ನು ಇವತ್ತೇ ತಿಳಿಯುವ ಆಸೆಯನ್ನೇ ನಾವು ಭಕ್ತಿ ಅಂತ ಕರೆಯುತ್ತೇವೆ. ನಾನು ಕೇಳುವುದನ್ನು ಬದಲಿಸಿದೆ: ಇವತ್ತು ಏನು ಮಾಡಲಿ? ಯಾರ ಹತ್ತಿರ ಹೋಗಲಿ?

ಇದಕ್ಕೆ ಉತ್ತರ ಬರುತ್ತಿತ್ತು. ದನಿಯಾಗಿ ಅಲ್ಲ. ಗದ್ದಲ ತಗ್ಗಿದಾಗ ಕಣ್ಣ ಮುಂದೆ ಇದ್ದುದೇ ಕಾಣುತ್ತಿತ್ತು.

ಹಾಗೆ ಕಂಡ ಮೊದಲ ವಿಷಯ ತೋಟದ್ದೇ. ಮಾರಲು ಆಗದಿದ್ದರೆ ಹಣ್ಣು ಬಳ್ಳಿಯಲ್ಲೇ ಇರಲಿ, ಬಂದ್ ತೆಗೆದ ಮೇಲೆ ನೋಡೋಣ ಅಂತ ಊರಲ್ಲಿ ಬಹಳ ಜನ ಕೂತಿದ್ದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಹಣ್ಣು ಇಳಿಸದೆ ಏಪ್ರಿಲ್ ಚಾಟ್ನಿ ಮಾಡಲು ಬರುವುದಿಲ್ಲ. ಆ ಚಾಟ್ನಿಯ ನಂತರ ಬರುವ ಕಡ್ಡಿಗಳಲ್ಲೇ ಮುಂದಿನ ವರ್ಷದ ಗೊನೆ ಕಟ್ಟುವುದು. ಕಾಯುತ್ತಾ ಕೂತರೆ ಈ ವರ್ಷದ ಜೊತೆ ಬರುವ ವರ್ಷವೂ ಹೋಗುತ್ತದೆ. ಇದು ಹೊಸ ವಿಷಯ ಏನಲ್ಲ, ನಮಗೆ ಗೊತ್ತಿದ್ದದ್ದೇ. ಹೆದರಿಕೆಯಲ್ಲಿ ಮರೆತಿತ್ತು, ಅಷ್ಟೆ. ಪೂಜೆಯಿಂದ ಎದ್ದಾಗ ಅದು ಸ್ಪಷ್ಟವಾಗಿ ನೆನಪಿತ್ತು. ಹಣ್ಣು ಇಳಿಸಲೇಬೇಕು.

ಇಳಿಸಿ ಏನು ಮಾಡುವುದು? ಎರಡು ದಾರಿ ಇದ್ದವು. ಒಬ್ಬ ಏಜೆಂಟ್ ಬಂದು, ಮಣ್ಣಿನ ದರಕ್ಕೆ ಆದರೂ ನಗದು ಕೊಟ್ಟು ಈಗಲೇ ಒಯ್ಯುತ್ತೇನೆ ಅಂದ. ಇನ್ನೊಂದು, ಒಣದ್ರಾಕ್ಷಿ ಮಾಡುವುದು. ಫೋನಿನಲ್ಲಿ ಯಜಮಾನರು "ಕೊಟ್ಟುಬಿಡು, ಬಂದಷ್ಟು ಬರಲಿ" ಅಂದರು. ದೂರ ಕೂತವರಿಗೆ ಹಾಗೆ ಅನಿಸುವುದು ಸಹಜ. ಏಜೆಂಟ್ ಸಂಜೆಯೊಳಗೆ ಹೇಳು ಅಂತ ಕೂತ. ನಾನು ನಾಳೆ ಬೆಳಿಗ್ಗೆ ಹೇಳುತ್ತೇನೆ ಅಂದೆ. ಅವನು ಸಿಟ್ಟಾದ.

ಇಲ್ಲಿ ನಾನು ಪಾಲಿಸುವ ಒಂದೆರಡು ಕಟ್ಟುಪಾಡು ಹೇಳುತ್ತೇನೆ. ಮನಸ್ಸಿಗೆ ಬಂದ ಯಾವುದೇ ಯೋಚನೆ ದೇವರದೋ ಹೆದರಿಕೆಯದೋ ಅಂತ ತಿಳಿಯಲು ಒಂದು ರಾತ್ರಿ ಕಳೆಯಲು ಬಿಡುತ್ತೇನೆ. ಹೆದರಿಕೆಗೆ ಯಾವಾಗಲೂ ಅವಸರ ಜಾಸ್ತಿ. ಈಗಲೇ, ಇಲ್ಲದಿದ್ದರೆ ಮುಗಿಯಿತು ಅನ್ನುತ್ತದೆ. ಬೆಳಿಗ್ಗೆ ಪೂಜೆ ಮುಗಿದ ಮೇಲೂ ಅದೇ ಯೋಚನೆ ನಿಂತಿದ್ದರೆ ಮುಂದೆ ಹೋಗುತ್ತೇನೆ. ಅದರಿಂದ ನನಗಿಂತ ಬಡವರ ಹೊಟ್ಟೆಗೆ ಹೊಡೆತ ಬೀಳುತ್ತದಾ ಅಂತಲೂ ನೋಡುತ್ತೇನೆ. ಬಿದ್ದರೆ ಅದು ಶಿವನ ಮಾತಲ್ಲ ಅಂತ ಅಲ್ಲಿಗೇ ಬಿಡುತ್ತೇನೆ. ಆಮೇಲೆ, ನನಗೆ "ಇಲ್ಲ" ಅನ್ನುವ ಧೈರ್ಯ ಇರುವ ಒಬ್ಬರ ಹತ್ತಿರ ಹೇಳುತ್ತೇನೆ. ಹೌದು ಹೌದು ಅನ್ನುವವರ ಹತ್ತಿರ ಹೇಳಿ ಉಪಯೋಗವಿಲ್ಲ ಅಲ್ವಾ?

ನನಗೆ ಅಂಥವರು ನಮ್ಮ ತೋಟದ ಆಚೆಯ ಕಾಕಾ. ವಯಸ್ಸಾದವರು, ಮಾತು ಖಡಕ್. ಮರುದಿನ ಅವರ ಹತ್ತಿರ ಹೋದೆ. ಒಣದ್ರಾಕ್ಷಿ ಮಾಡಬೇಕು ಅಂತ ಮನಸ್ಸು ಹೇಳುತ್ತಿದೆ, ಆದರೆ ನಮಗೆ ಹಣ್ಣು ಒಣಗಿಸುವ ರ‍್ಯಾಕ್ ಇಲ್ಲ, ತಪ್ಪು ಯೋಚನೆ ಅನಿಸಿದರೆ ಈಗಲೇ ಹೇಳಿಬಿಡಿ ಅಂದೆ. ಅವರು ನನ್ನ ಹಣ್ಣು ತರಿಸಿ ನೋಡಿದರು, ಸಕ್ಕರೆ ಅಳೆಯುವ ಮೀಟರ್ ಹಚ್ಚಿದರು. 22 ದಾಟಿತ್ತು. "ಮಾಡಾಕ ಬರ್ತೈತಿ. ನಮ್ದು ಮುಂಚೇನ ಇಳಿಸಿ ಒಣಗಿ ಆತು. ರ‍್ಯಾಕ್ ಖಾಲಿ ಬಿದ್ದೈತಿ, ಹಾಕ್ಕೋ. ಬಾಡಿಗಿ ಆಮ್ಯಾಲ ನೋಡೂಣು" ಅಂದರು.

ಇದನ್ನು ಕಾಕತಾಳೀಯ ಅನ್ನುವವರು ಅನ್ನಲಿ. ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಹಿಂದಿನ ಸಂಜೆಯೇ ಏಜೆಂಟನಿಗೆ ಹೂಂ ಅಂದಿದ್ದರೆ ಕಾಕಾರ ಮನೆಯ ಕಡೆ ನನ್ನ ಕಾಲು ಹೋಗುತ್ತಿರಲಿಲ್ಲ.

ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಯಾಕೆಂದರೆ ನನ್ನ ಮಟ್ಟಿಗೆ ಪೂಜೆಯ ಅರ್ಧ ಅಲ್ಲೇ ನಡೆಯಿತು. ನಮ್ಮ ಕಡೆ ಕಾಯಕ ಅಂದರೆ ಇದೇ. ಬೇಸಾಯದ ಕೆಲಸಕ್ಕೆ ಸರ್ಕಾರ ಕೆಲವೇ ದಿನಗಳಲ್ಲಿ ಬಿಡುವು ಕೊಟ್ಟಿತ್ತು. ಹಾಗಾಗಿ ಊರಿನ ಹೆಣ್ಣುಮಕ್ಕಳನ್ನೇ ಕರೆದೆ. ಬಾಯಿಗೆ ಸೆರಗು ಕಟ್ಟಿಕೊಂಡು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದರು. ಕೊಯ್ದ ಗೊನೆಗಳನ್ನು ದ್ರಾವಣದಲ್ಲಿ ಅದ್ದಬೇಕು. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರಲಿ ಅಂತ. ಆಮೇಲೆ ರ‍್ಯಾಕಿನ ಬಲೆಯ ಮೇಲೆ ನೆರಳಲ್ಲಿ ಹರವುವುದು. ಗಾಳಿ, ಬಿಸಿಲು ಸರಿ ಇದ್ದರೆ ಎರಡು ವಾರದಲ್ಲಿ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಈ ನಡುವೆ ಮಳೆ ಬಿದ್ದರೆ ಹಣ್ಣು ಕಪ್ಪಾಗಿ ದರ ಹೋಯಿತು.

ಕೂಲಿಯದು ದೊಡ್ಡ ಚಿಂತೆ. ಕೈಯಲ್ಲಿ ನಗದು ಕಡಿಮೆ. ಎಲ್ಲರಿಗೂ ಆಮೇಲೆ ಕೊಡುತ್ತೇನೆ ಅನ್ನಬಹುದಿತ್ತು, ಆ ಹೊತ್ತಿನಲ್ಲಿ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಬಡವರ ಹೊಟ್ಟೆ ನೋಡಬೇಕು ಅಂತ ಆಗಲೇ ಹೇಳಿದೆನಲ್ಲ, ಅದು ಇಲ್ಲಿ ಎದ್ದು ನಿಂತಿತು. ಒಬ್ಬೊಬ್ಬರನ್ನೂ ಕೇಳಿದೆ. ಮನೆಯಲ್ಲಿ ಏನೂ ಇಲ್ಲದವರಿಗೆ ದಿನದ ಕೂಲಿ ದಿನ ಕೊಟ್ಟೆ. ಕೆಲವರು ಜೋಳ ಒಯ್ದರು. ಸ್ವಲ್ಪ ಅನುಕೂಲ ಇದ್ದವರು "ಆಮ್ಯಾಲ ಕೊಡ್ರಿ ಅಕ್ಕಾರ" ಅಂದರು. ಒಣಗಿಸಲು ಬಾರದ ಸಣ್ಣ ಗೊನೆಗಳನ್ನು ಓಣಿಯ ಮನೆಮನೆಗೆ ಹಂಚಿದೆವು. ಆ ಬೇಸಿಗೆ ನಮ್ಮೂರ ಮಕ್ಕಳು ತಿಂದಷ್ಟು ದ್ರಾಕ್ಷಿ ಹಿಂದೆಂದೂ ತಿಂದಿರಲಿಕ್ಕಿಲ್ಲ.

ದುಡ್ಡಿನ ಚಿಂತೆ ಹೆಚ್ಚಾದಾಗಲೆಲ್ಲ ನನಗೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿ ನೆನಪಾಗುತ್ತಿತ್ತು. ಜೇಬಿಲ್ಲದ ಅಂಗಿ. ಅವರು ಆಗ ಇನ್ನೂ ಇದ್ದರು, 2023ರ ಜನವರಿಯಲ್ಲಿ ಹೋದರು. ನಮ್ಮಂಥ ಸಂಸಾರಸ್ಥರಿಗೆ ಜೇಬಿಲ್ಲದೆ ಆಗುವುದಿಲ್ಲ, ಸೊಸೈಟಿಯವರು ಬಿಡುವುದೂ ಇಲ್ಲ. ಆದರೂ ಆ ಅಂಗಿಯ ನೆನಪು ಬಂದರೆ ಎದೆಯ ಬಿಗಿ ಒಂಚೂರು ಸಡಿಲುತ್ತಿತ್ತು.

ಅತ್ತೆ ತಮ್ಮ ಪಾಡಿಗೆ ಊರ ದೇವರಿಗೆ ಹರಕೆ ಹೊತ್ತರು. ಇದು ಆದರೆ ಅದು ಕೊಡುತ್ತೇನೆ ಅನ್ನುವುದು ನನಗೆ ಬರುವುದಿಲ್ಲ. ಅವರಿಗೆ ಬರುತ್ತದೆ. ಒಂದೇ ಮನೆಯಲ್ಲಿ ಎರಡೂ ನಡೆದವು, ಜಗಳ ಇಲ್ಲ.

ಹಣ್ಣು ಅರ್ಧ ಒಣಗಿದಾಗ ಒಂದು ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ಗಾಳಿ ಎದ್ದಿತು. ಮಕ್ಕಳು, ನಾನು, ಕಾಕಾರ ಮಗ ಓಡಿ ರ‍್ಯಾಕಿನ ಸುತ್ತ ತಾಡಪತ್ರಿ ಬಿಟ್ಟು ಕಟ್ಟತೊಡಗಿದೆವು. ಹಗ್ಗ ಕೈ ಕೊಯ್ಯುತ್ತಿತ್ತು. ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂರಲು ಆಗುತ್ತದಾ? ನನ್ನ ಬಾಯಲ್ಲಿ ಇದ್ದುದು ಒಂದೇ ಮಾತು, ಶಿವನೇ ಹಿಡಿ, ಶಿವನೇ ಹಿಡಿ. ಅದು ಪ್ರಾರ್ಥನೆಯೋ, ಹಗ್ಗ ಹಿಡಿ ಅಂತ ಹುಡುಗರಿಗೆ ಹೇಳಿದ್ದೋ ನನಗೇ ಗೊತ್ತಿಲ್ಲ. ಮಳೆ ಹೊಡೆದು ಹೋಯಿತು. ಬೆಳಿಗ್ಗೆ ನೋಡಿದರೆ ಗಾಳಿ ಬಂದ ಕಡೆಯ ಒಂದಿಷ್ಟು ಹಣ್ಣು ತೊಯ್ದು ಕೆಟ್ಟಿತ್ತು. ಉಳಿದದ್ದು ಉಳಿದಿತ್ತು.

ಇನ್ನೊಂದು ವಿಷಯ ಹೇಳದಿದ್ದರೆ ಇದು ಸುಳ್ಳಾಗುತ್ತದೆ. ನಮ್ಮೂರಲ್ಲೇ ನನಗಿಂತ ಹೆಚ್ಚು ಭಕ್ತಿಯವರೊಬ್ಬರಿದ್ದಾರೆ. ಮೂರು ಹೊತ್ತೂ ಪೂಜೆ, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಅವರ ರ‍್ಯಾಕಿನ ತಾಡಪತ್ರಿ ಹರಿದು ಹಾರಿ, ಹೆಚ್ಚುಕಡಿಮೆ ಎಲ್ಲವೂ ಕಪ್ಪಾಯಿತು. ಅವರು ನಂಬಲಿಲ್ಲವಾ? ನಂಬಿದ್ದರು. ಹಾಗಾಗಿ ನಂಬಿದೆ, ಅದಕ್ಕೇ ಬೆಳೆ ಉಳಿಯಿತು ಅಂತ ಅವರ ಮುಂದೆ ನಿಂತು ನಾನು ಹೇಳಲಾರೆ. ಅವರನ್ನು ಮಾತಾಡಿಸಲು ಹೋದಾಗ ಎದ್ದು ನೀರು ಕೊಟ್ಟರು, ನನ್ನ ಹಣ್ಣಿನ ಸುದ್ದಿಯನ್ನೇ ಮೊದಲು ಕೇಳಿದರು. ಬರುವಾಗ ಅವರ ಹೆಂಡತಿ ಹೇಳಿದರು, ಬೆಳಿಗ್ಗೆ ಪೂಜೆ ಮುಗಿಸಿಯೇ ಕಪ್ಪಾದ ಹಣ್ಣು ಆರಿಸಲು ಕೂತರಂತೆ. ದೇವರನ್ನು ನಂಬುವುದರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಮನೆಯಲ್ಲಿ ಕಲಿತದ್ದು.

ಒಣಗಿದ ಮೇಲೆ ಗಂಧಕದ ಹೊಗೆ ಕೊಟ್ಟು, ಆರಿಸಿ, ಬಾಕ್ಸ್ ತುಂಬಿ ಕೋಲ್ಡ್ ಸ್ಟೋರೇಜಿಗೆ ಹಾಕಿದೆವು. ಮಹಾರಾಷ್ಟ್ರದ ಒಣದ್ರಾಕ್ಷಿ ಪೇಟೆ ತಾಸಗಾಂವ್ ಕಡೆ ಹಾದಿ ತೆರೆದ ಮೇಲೆ ಮಾರಿದೆವು. ಕೂಲಿ ಬಾಕಿ, ಕಾಕಾರ ಬಾಡಿಗೆ ಮೊದಲು ಕೊಟ್ಟೆ. ಸಾಲದಲ್ಲಿ ಒಂದು ಭಾಗ ತೀರಿತು, ಉಳಿದದ್ದು ಮುಂದಿನ ವರ್ಷಕ್ಕೆ ಹೋಯಿತು. ಚಾಟ್ನಿ ತಪ್ಪಲಿಲ್ಲ. ಯಜಮಾನರು ಪಾಸ್ ಸಿಕ್ಕಮೇಲೆ ಬಂದು, ಮೊದಲು ತೋಟಕ್ಕೆ ಹೋಗಿ ಆಮೇಲೆ ಮನೆಗೆ ಬಂದರು.

ಈಗಲೂ ಓಣಿಯ ಹೆಣ್ಣುಮಕ್ಕಳು ಕಷ್ಟ ಬಂದಾಗ ಬಂದು, ಆಗ ಯಾವ ಮಂತ್ರ ಹೇಳಿದ್ರಿ ಅಕ್ಕಾರ ಅಂತ ಕೇಳುತ್ತಾರೆ. ಮಂತ್ರ ನಿಮಗೆ ಗೊತ್ತಿರುವುದೇ ಅನ್ನುತ್ತೇನೆ. ಮೊದಲು ಕೂರಿಸಿ, ಅವರಿಗಿರುವ ಹೆದರಿಕೆಯನ್ನೆಲ್ಲ ಒಂದೊಂದಾಗಿ ಹೇಳಿಸುತ್ತೇನೆ. ಆಮೇಲೆ ಕೇಳುತ್ತೇನೆ, ನಿಮಗೆ "ಇಲ್ಲ" ಅನ್ನುವ ಧೈರ್ಯ ಇರುವವರು ಯಾರಿದ್ದಾರೆ? ಬಹಳ ಜನರಿಗೆ ಈ ಎರಡನೆಯದಕ್ಕೇ ಹೆಸರು ಹೊಳೆಯುವುದಿಲ್ಲ. ಅಂಥವರನ್ನು ನಾನು ಕಾಕಾರ ಮನೆಗೆ ಕಳಿಸುತ್ತೇನೆ.