ಚಿತ್ರ ಬಂತು, ಟಚ್ ಬರಲಿಲ್ಲ: 60 ಮೀಟರ್ ಕೇಬಲಿನ ಅನುಭವ

ಟಚ್‌ಸ್ಕ್ರೀನ್ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಅಂದಾಗ ಎಲ್ಲರೂ ಮೊದಲು ಕೇಳುವುದು ಚಿತ್ರದ ಬಗ್ಗೆ. ಎಚ್‌ಡಿಎಂಐ ಅಷ್ಟು ದೂರ ಹೋಗುತ್ತಾ ಅಂತ. ಆದರೆ ತಲೆನೋವು ಕೊಡುವುದು ಯುಎಸ್‌ಬಿ. ಬೆರಳು ಎಲ್ಲಿ ಬಿತ್ತು ಅಂತ ಕಂಪ್ಯೂಟರಿಗೆ ತಿಳಿಸುವುದು ಅದೇ ಅಲ್ವಾ? ಒಂದು ಯುಎಸ್‌ಬಿ 2.0 ಕೇಬಲನ್ನು ನಂಬಬಹುದಾದ್ದು 5 ಮೀಟರ್‌ವರೆಗೆ, ಅಷ್ಟೇ.

ನಾನು ಮಾಡಿದ್ದು ಒಂದು ಕಾಲೇಜಿನ ಸಭಾಂಗಣದ ಕೆಲಸ. ವೇದಿಕೆ ಮೇಲೆ 65 ಇಂಚಿನ ಟಿವಿ, ಅದರ ಸುತ್ತ ಐಆರ್ ಟಚ್ ಫ್ರೇಮ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಬೆರಳನ್ನು ಗುರುತಿಸುವ ಚೌಕಟ್ಟು. ಕಂಪ್ಯೂಟರ್ ಹಿಂದಿನ ಸೌಂಡ್ ರೂಮಿನಲ್ಲಿ. ನೋಡಲು ಹತ್ತಿರ, ಆದರೆ ಕೇಬಲ್ ಗೋಡೆ ಹತ್ತಿ, ಸೀಲಿಂಗ್ ಮೇಲೆ ಹಾದು, ವೇದಿಕೆ ಮೂಲೆಯಲ್ಲಿ ಇಳಿಯುವಷ್ಟರಲ್ಲಿ 60 ಮೀಟರ್ ಆಗಿಬಿಡುತ್ತದೆ. ಅಲ್ಲಿ ಮೊದಲೇ ಎರಡು ನೆಟ್‌ವರ್ಕ್ ಕೇಬಲ್ ಎಳೆಸಿದ್ದರು. ಒಂದರಲ್ಲಿ ಚಿತ್ರ ಚೆನ್ನಾಗೇ ಬರುತ್ತಿತ್ತು. ಇನ್ನೊಂದರ ಎರಡು ತುದಿಗೂ ಯುಎಸ್‌ಬಿಯ ಚಿಕ್ಕ ಡಬ್ಬಿಗಳು, ಅಡಾಪ್ಟರ್ ಇಲ್ಲದ ಅಗ್ಗದ ಜಾತಿಯವು; ಫ್ರೇಮಿಗೆ ಬೇಕಾದ ಕರೆಂಟೂ ಅದೇ ಕೇಬಲಿನಲ್ಲೇ ಬರಬೇಕು. ಟಚ್ ಒಂದು ಗಳಿಗೆ ಇರುತ್ತಿತ್ತು, ಇನ್ನೊಂದು ಗಳಿಗೆ ಇಲ್ಲ.

ಫ್ರೇಮ್ ಕಡೆ ಮಲ್ಟಿಮೀಟರ್ ಇಟ್ಟು ನೋಡಿದರೆ 5 ವೋಲ್ಟ್ ಇರಬೇಕಾದಲ್ಲಿ 3 ಚಿಲ್ಲರೆ. ಲೆಕ್ಕ ಸರಳ. ಸಾಮಾನ್ಯ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲಿನ ಒಂದು ಎಳೆಗೆ 100 ಮೀಟರಿಗೆ ಸುಮಾರು 8.5 ಓಮ್ ರೆಸಿಸ್ಟೆನ್ಸ್. 60 ಮೀಟರ್ ಹೋಗಿ ಬರಲು 10 ಓಮ್. ಫ್ರೇಮ್ 200 ಮಿಲಿಆಂಪ್ ಎಳೆದರೂ 2 ವೋಲ್ಟ್ ದಾರಿಯಲ್ಲೇ ಖರ್ಚು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಸಿಸಿಎ ಕೇಬಲ್ ಆದರೆ ಇನ್ನೂ ಜಾಸ್ತಿ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಆ ಬಂಡಲ್ ವಾಪಸ್ ಕೊಟ್ಟುಬಿಡಿ.

ಹಾಗಾಗಿ ಟಚ್‌ನ ಡೇಟಾ ದೂರದಿಂದ ಬರಲಿ, ಕರೆಂಟ್ ಮಾತ್ರ ಟಿವಿ ಹತ್ತಿರವೇ ಸಿಗಲಿ ಅಂತ ತೀರ್ಮಾನಿಸಿ, ಯುಎಸ್‌ಬಿ ಇರುವ ಎಚ್‌ಡಿಬೇಸ್‌ಟಿ (ಚಿತ್ರ, ಸದ್ದನ್ನು ನೆಟ್‌ವರ್ಕ್ ಕೇಬಲಿನಲ್ಲಿ ದೂರ ಸಾಗಿಸುವ ಪದ್ಧತಿ) ಜೋಡಿ ತರಿಸಿದೆ: ಕಂಪ್ಯೂಟರ್ ಕಡೆ ಕಳಿಸುವ ಡಬ್ಬಿ, ಟಿವಿ ಕಡೆ ಪಡೆಯುವ ರಿಸೀವರ್. ರಿಸೀವರಿಗೆ ಅದರದೇ ಅಡಾಪ್ಟರ್, ಅಲ್ಲಿಂದ ಫ್ರೇಮಿಗೆ ಗಿಡ್ಡ ಯುಎಸ್‌ಬಿ ಕೇಬಲ್. ಚಿತ್ರ, ಸದ್ದು, ಟಚ್ ಮೂರೂ ಒಂದೇ ಕ್ಯಾಟ್ 6 ಕೇಬಲಿನಲ್ಲಿ. ಕೊಳ್ಳುವಾಗ ಯುಎಸ್‌ಬಿ ಇದೆಯಾ ಅಂತ ಕೇಳಿಯೇ ಕೊಳ್ಳಿ. 2010ರಲ್ಲಿ ಬಂದ ಮೊದಲ ಎಚ್‌ಡಿಬೇಸ್‌ಟಿಯಲ್ಲಿ ಅದು ಇರಲಿಲ್ಲ, 2.0ರಲ್ಲಿ ಸೇರಿಸಿದರು. ಇನ್ನೊಂದು ಮಾತು, ಜ್ಯಾಕ್ ಒಂದೇ ಥರ ಕಂಡರೂ ಇದು ಈಥರ್ನೆಟ್ ಅಲ್ಲ. ನೆಟ್‌ವರ್ಕ್ ಸ್ವಿಚ್ಚಿಗೆ ಚುಚ್ಚಬಾರದು. ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ ಹೆಸರು ಬರೆದಿಟ್ಟೆ.

ಕೇಬಲನ್ನು ಹೊಸದಾಗಿ ಎಳೆಸಿದೆ. ಶುದ್ಧ ತಾಮ್ರ, 23 ಗೇಜ್, ನಡುವೆ ಎಲ್ಲೂ ಜಾಯಿಂಟ್ ಇಲ್ಲ. ಲೈಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ತುರುಕಲು ಬಿಡಲಿಲ್ಲ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ. ಕ್ರಿಂಪಿಂಗ್, ಅಂದರೆ ಕೇಬಲ್ ತುದಿಗೆ ಜ್ಯಾಕ್ ಕೂರಿಸುವ ಕೆಲಸ, ನಾನೇ ಮಾಡಿದೆ, ಯಾಕೆಂದರೆ ಹೆಚ್ಚು ಕೆಲಸ ಕೆಡುವುದು ಅಲ್ಲೇ. ಎಂಟು ಎಳೆಗಳ ಬಣ್ಣ ಹೀಗೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡು ಕಡೆಯೂ ಇದೇ ಕ್ರಮ. ಕೆಲವರು ಹಸಿರು ಜೋಡಿಯನ್ನು ಬಿಡಿಸದೆ ಪಕ್ಕಪಕ್ಕದಲ್ಲೇ ಹಾಕುತ್ತಾರೆ. ಎರಡು ಕಡೆಯೂ ಹಾಗೇ ಮಾಡಿದ್ದರೆ ದೀಪದ ಟೆಸ್ಟರಿನಲ್ಲಿ ಎಂಟೂ ಹತ್ತುತ್ತವೆ. ಆದರೆ 3 ಮತ್ತು 6ನೇ ಪಿನ್ನಿಗೆ ಒಟ್ಟಿಗೆ ಹುರಿ ಹಾಕಿದ ಒಂದೇ ಜೋಡಿಯ ಎಳೆಗಳು ಸಿಗುವುದಿಲ್ಲ, ದೂರ ಹೋದ ಹಾಗೆ ಸಿಗ್ನಲ್ ಕೆಡುತ್ತದೆ. ಟೆಸ್ಟರ್ ಸರಿ ಅಂದಿತು ಅಂತ ಸುಮ್ನೆ ಬಿಡಬೇಡಿ, ಬಣ್ಣ ಕಣ್ಣಾರೆ ನೋಡಿ.

ಎಲ್ಲ ಜೋಡಿಸಿದ ಮೇಲೆ ಟಿವಿ ಮುಟ್ಟಿದರೆ ಸೌಂಡ್ ರೂಮಿನ ಮಾನಿಟರಿನಲ್ಲಿ ಬಾಣ ಓಡುತ್ತಿತ್ತು. ಎರಡು ಪರದೆ ಇದ್ದಾಗ ವಿಂಡೋಸಿಗೆ ಟಚ್ ಯಾವುದರದು ಅಂತ ಗೊತ್ತಾಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸಿಗೆ ಹೋಗಿ ಸೆಟಪ್ ಒತ್ತಿ. ಸೂಚನೆ ಮಾನಿಟರಿನಲ್ಲಿ ಬಂದರೆ ಎಂಟರ್ ಒತ್ತಿ, ಟಿವಿಯಲ್ಲಿ ಬಂದಾಗ ಅಲ್ಲಿ ಬೆರಳಿಡಿ. ಜೊತೆಗೆ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಇಲ್ಲದಿದ್ದರೆ ಭಾಷಣದ ನಡುವೆ ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದಾಗ ಫ್ರೇಮ್ ನಿದ್ದೆಗೆ ಹೋಗಿ, ಮತ್ತೆ ಏಳದೆ ಇರಬಹುದು.