ಕನ್ನಡಿ ನೆಲದಲ್ಲಿ ಕಂಡ ಹಿಮ್ಮಡಿ: ಎಲಿನರ್ ಪೊವೆಲ್ ಅವರ ಹೆಜ್ಜೆಗಳನ್ನು ನಾನು ಬಿಡಿಸಿದ ಬಗೆ

ಕಳೆದ ವರ್ಷದ ಮೇ ತಿಂಗಳಲ್ಲಿ, ಅಮೆರಿಕದವರು ಟ್ಯಾಪ್ ನೃತ್ಯದ (ಬೂಟಿನ ಅಡಿಯ ತಗಡಿನಿಂದ ನೆಲ ಬಡಿದು ಸದ್ದು ಮಾಡುವ ಕುಣಿತದ) ದಿನವೆಂದು ಆಚರಿಸುವ 25ನೆಯ ತಾರೀಖಿನ ಆಸುಪಾಸಿನಲ್ಲಿ, ಲಾಸ್ ಏಂಜಲಿಸ್‌ನ ಒಂದು ಚಿಕ್ಕ ಸಭಾಂಗಣದಲ್ಲಿ ನಾನು ವಾದ್ಯಗಳ ನೆರವಿಲ್ಲದೆ ಐವತ್ತು ಸೆಕೆಂಡುಗಳಷ್ಟು ಹೊತ್ತು ಟ್ಯಾಪ್ ಕುಣಿದೆ. ಅದು ‘ಬ್ರಾಡ್‌ವೇ ಮೆಲಡಿ ಆಫ್ 1940’ ಚಿತ್ರದ ‘ಬಿಗಿನ್ ದ ಬಿಗೀನ್’ ನೃತ್ಯದಲ್ಲಿ ಸಂಗೀತ ನಿಂತು, ಹಾಲಿವುಡ್ ಚಿತ್ರಗಳ ನೃತ್ಯತಾರೆಯರಾದ ಎಲಿನರ್ ಪೊವೆಲ್ ಮತ್ತು ಫ್ರೆಡ್ ಅಸ್ಟೇರ್ ಅವರ ಪಾದಗಳಷ್ಟೇ ಮಾತಾಡುವ ಭಾಗ; ಅದರಲ್ಲಿ ಪೊವೆಲ್ ಅವರ ಪಾಲನ್ನು ಮಾತ್ರ ನಾನು ಎತ್ತಿಕೊಂಡಿದ್ದೆ. ಪರದೆಯನ್ನು ನೋಡಿ ಈ ಹೆಜ್ಜೆಗಳನ್ನು ಕಲಿಯುವುದು ಆಗದ ಮಾತು ಎಂದು ನಾಲ್ಕು ವರ್ಷಗಳ ಹಿಂದೆ ನನ್ನ ಟ್ಯಾಪ್ ಶಿಕ್ಷಕಿಯೂ ಹೇಳಿದ್ದರು, ಮೈಸೂರಿನಲ್ಲಿ ಹದಿನಾಲ್ಕು ವರ್ಷ ನನಗೆ ಭರತನಾಟ್ಯ ಕಲಿಸಿದ ಗುರುಗಳೂ ಹೇಳಿದ್ದರು. ಕುಣಿದು ಮುಗಿಸಿದ ಮೇಲೆ ಆ ಶಿಕ್ಷಕಿ ನಾನು ಹೆಜ್ಜೆಗಳನ್ನು ಬರೆದಿಟ್ಟ ಪುಸ್ತಕವನ್ನು ಒಂದು ವಾರಕ್ಕೆ ಕೇಳಿ ಪಡೆದರು. ಆದ್ದರಿಂದ ಈ ಕ್ರಮವನ್ನು ಬರೆದಿಡುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಪೊವೆಲ್ ಅವರನ್ನು ನಾನು ಮೊದಲು ಕಂಡದ್ದು ತಂದೆಯವರು ತಂದಿದ್ದ ಒಂದು ವಿಡಿಯೊ ಕ್ಯಾಸೆಟ್‌ನಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ. ಆಗಲೇ ನನಗೆ ತಟ್ಟಿದ್ದು ಅವರ ಹಿಮ್ಮಡಿ. ಇತರ ನರ್ತಕಿಯರು ಮುಂಪಾದದ ಮೇಲೆ ಹಗುರವಾಗಿ ಓಡಾಡುವಾಗ ಇವರು ಸೊಂಟದಿಂದ ಕೆಳಗೆ ಇಡೀ ಭಾರವನ್ನು ನೆಲಕ್ಕೆ ಇಳಿಸಿ, ಸೊಂಟದಿಂದ ಮೇಲೆ ಏನೂ ನಡೆಯುತ್ತಿಲ್ಲವೆಂಬಂತೆ ನಗುತ್ತಿದ್ದರು. ಅವರು ಗಂಡಸಿನಂತೆ ಗಟ್ಟಿಯಾಗಿ ಹೆಜ್ಜೆ ಊರುತ್ತಿದ್ದರು ಎಂದು ಅಸ್ಟೇರ್ 1959ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಹೊಗಳಿಕೆಯೇ ಆದರೂ, ಅಂಥ ಹಿಮ್ಮಡಿಯನ್ನು, ಭರತನಾಟ್ಯದಲ್ಲಿ ಅಂಗಾಲು ಬಡಿಯುವ ತಟ್ಟಡವಿನಿಂದ ಬಂದ ನಮ್ಮ ಹೆಣ್ಣುಮಕ್ಕಳು ಯಾರೂ ಗಂಡಸಿನ ಲೆಕ್ಕಕ್ಕೆ ಬರೆಯುವುದಿಲ್ಲ. ಪೊವೆಲ್ ತಮ್ಮ ನೃತ್ಯಗಳನ್ನು ಹೆಚ್ಚಾಗಿ ತಾವೇ ಕಟ್ಟಿಕೊಳ್ಳುತ್ತಿದ್ದರು ಎಂಬುದು ತಿಳಿದ ಮೇಲೆ, ಒಂದಾದರೂ ತುಣುಕನ್ನು ಅವರು ಕಟ್ಟಿದಂತೆಯೇ ನನ್ನ ಕಾಲಿಗೆ ತಂದುಕೊಳ್ಳಬೇಕೆಂಬ ಹಟ ಹುಟ್ಟಿತು.

ಮೊದಲ ಎಂಟು ತಿಂಗಳು ಪೂರ್ತಿ ವ್ಯರ್ಥವಾದವು. ಮೃದಂಗದ ಪಾಠವನ್ನು ಕಿವಿಯಿಂದ ಬರೆದುಕೊಂಡು ಬೆಳೆದವಳಾದ್ದರಿಂದ ಇದನ್ನೂ ಕಿವಿಯಿಂದಲೇ ಬರೆಯಲು ಕುಳಿತೆ. ಬರೆದದ್ದನ್ನು ಕುಣಿಯಲು ಹೋದರೆ ತಾಳದ ಮೂರನೆಯ ಸುತ್ತಿಗೆ, ಅಂದರೆ ಮೂರನೆಯ ಆವರ್ತಕ್ಕೆ, ನನ್ನ ಭಾರ ಬಲಗಾಲಿನಲ್ಲಿರುತ್ತಿತ್ತು, ಅವರ ಭಾರ ಎಡಗಾಲಿನಲ್ಲಿರುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ನರ್ತಕರು ಮೊದಲೇ ಮುದ್ರಿಸಿದ ಸಂಗೀತಕ್ಕೆ ಕುಣಿದು, ಪಾದಗಳ ಸದ್ದನ್ನು ಆಮೇಲೆ ಬೇರೆ ಕೊಠಡಿಯಲ್ಲಿ, ಚಿತ್ರವನ್ನು ನೋಡುತ್ತಾ ಮತ್ತೆ ಕುಣಿದು ಮುದ್ರಿಸುತ್ತಿದ್ದರು. ಅಸ್ಟೇರ್ ಅವರ ಜೊತೆಗಾರ್ತಿ ಜಿಂಜರ್ ರೋಜರ್ಸ್ ಅವರ ಪಾದದ ಸದ್ದನ್ನು ನೃತ್ಯ ಸಂಯೋಜಕ ಹರ್ಮಿಸ್ ಪ್ಯಾನ್ ಮುದ್ರಿಸಿದ್ದುಂಟು. ಅಂದರೆ ನಾನು ಎಂಟು ತಿಂಗಳು ಕೇಳಿಸಿಕೊಂಡದ್ದು ಪರದೆಯ ಮೇಲಿನ ಕುಣಿತದ ಸದ್ದನ್ನಲ್ಲ, ಅದೇ ಕುಣಿತದ ಎರಡನೆಯ ಪ್ರಯೋಗವನ್ನು. ಎರಡಕ್ಕೂ ತಾಳ ಒಂದೇ, ಆದರೆ ಯಾವ ಪೆಟ್ಟು ಯಾವ ಕಾಲಿನದು ಎಂಬುದನ್ನು ಸದ್ದು ಹೇಳುವುದಿಲ್ಲ.

ಇದರ ಮೇಲೆ ಇನ್ನೊಂದು ಎಡವಟ್ಟೂ ಸೇರಿಕೊಂಡಿತ್ತು. ನನ್ನ ಬಳಿ ಇದ್ದ ಡಿಸ್ಕ್ ಬೆಂಗಳೂರಿನಲ್ಲಿ ಕೊಂಡದ್ದು. ಸೆಕೆಂಡಿಗೆ 24 ಫ್ರೇಮ್‌ಗಳ ಚಿತ್ರವನ್ನು ನಮ್ಮ ದೇಶದ ಟೀವಿಗೆ ಹೊಂದುವಂತೆ 25ಕ್ಕೆ ಏರಿಸಿದ್ದರಿಂದ ಇಡೀ ನೃತ್ಯ ಶೇಕಡಾ 4ರಷ್ಟು ವೇಗವಾಗಿ ಓಡುತ್ತಿತ್ತು. ಶೇಕಡಾ 4 ಎಂದರೆ ಕೇಳುವವರಿಗೆ ಏನೂ ಅಲ್ಲ, ಕುಣಿಯುವವರ ಕಣಕಾಲಿಗೆ ಅದು ಇನ್ನೊಬ್ಬ ನರ್ತಕಿಯ ವೇಗ. ಇಲ್ಲಿ ಅಮೆರಿಕದ ಡಿಸ್ಕ್ ಕೊಂಡಾಗ ವೇಗ ಸರಿಯಾಯಿತು, ಚಿತ್ರ ಕೆಟ್ಟಿತು. ಅದರಲ್ಲಿ ನಾಲ್ಕು ಫ್ರೇಮ್‌ಗಳನ್ನು ಐದಾಗಿ ಹಿಗ್ಗಿಸಿರುತ್ತಾರೆ. ಐದಕ್ಕೆ ಎರಡರಲ್ಲಿ ಎರಡು ಕ್ಷಣಗಳು ಒಂದರೊಳಗೊಂದು ಹೆಣೆದುಕೊಂಡು, ಪಾದ ಒಂದೇ ಹೊತ್ತಿಗೆ ನೆಲದ ಮೇಲೂ ಗಾಳಿಯಲ್ಲೂ ಕಾಣುತ್ತದೆ. ಇದನ್ನು ಅರಿಯದೆ ನಾನು ಸುಮಾರು ಆರುನೂರು ಫ್ರೇಮ್‌ಗಳನ್ನು ಕೈಯಲ್ಲಿ ಗುರುತು ಹಾಕಿ, ಕೊನೆಗೆ ಎಲ್ಲವನ್ನೂ ಹರಿದು ಹಾಕಬೇಕಾಯಿತು. ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಿದ್ದರೆ, ಹೆಣೆದುಕೊಂಡ ಫ್ರೇಮ್‌ಗಳನ್ನು ಬಿಡಿಸಿ ಮತ್ತೆ 24ಕ್ಕೆ ತಂದ ಮೇಲೆಯೇ ಪೆನ್ಸಿಲ್ ಹಿಡಿಯಿರಿ.

24ಕ್ಕೆ ಬಂದ ಮೇಲೂ ಸಮಸ್ಯೆ ಮುಗಿಯಲಿಲ್ಲ. ಸೆಕೆಂಡಿಗೆ ಎಂಟು ಹತ್ತು ಪೆಟ್ಟುಗಳು ಬೀಳುವ ಜಾಗದಲ್ಲಿ ಒಂದೊಂದು ಪೆಟ್ಟಿಗೆ ಸಿಗುವುದು ಎರಡೋ ಮೂರೋ ಫ್ರೇಮ್. ಪಾದ ಬೀಸುವಾಗ ಬರಿಯ ಮಸುಕು. ಬೂಟನ್ನೇ ದಿಟ್ಟಿಸಿ ನೋಡಿ ನನ್ನ ಕಣ್ಣು ನೊಂದಿತೇ ಹೊರತು, ಹಿಮ್ಮಡಿ ನೆಲ ಮುಟ್ಟಿತೋ ಕೂದಲೆಳೆಯಷ್ಟು ಮೇಲಿತ್ತೋ ಎಂಬುದು ತಿಳಿಯುತ್ತಿರಲಿಲ್ಲ.

ದಾರಿ ತೆರೆದದ್ದು ಒಂದು ರಾತ್ರಿ, ಪ್ರೊಜೆಕ್ಟರ್‌ನ ಬೆಳಕನ್ನು ಹೆಚ್ಚಿಸಿ ಚಿತ್ರವನ್ನು ಗ್ಯಾರೇಜಿನ ಗೋಡೆಯ ಮೇಲೆ ಬಿಟ್ಟಾಗ. ಆ ನೃತ್ಯದ ನೆಲ ಕಪ್ಪು ಕನ್ನಡಿಯಂತೆ ಹೊಳೆಯುತ್ತದೆ. ನರ್ತಕರ ಕೆಳಗೆ ತಲೆಕೆಳಗಾದ ನರ್ತಕರಿದ್ದಾರೆ. ಪಾದ ಎತ್ತಿದಾಗ ಬೂಟಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಕಪ್ಪು ಸಂದು ಕಾಣುತ್ತದೆ, ಪಾದ ಊರಿದ ಕ್ಷಣ ಆ ಸಂದು ಮುಚ್ಚುತ್ತದೆ. ಹಿಮ್ಮಡಿಯ ಸಂದು ಬೇರೆ, ಮುಂಪಾದದ ಸಂದು ಬೇರೆ. ಅಂದಿನಿಂದ ನಾನು ಬೂಟನ್ನು ನೋಡುವುದನ್ನೇ ಬಿಟ್ಟು ಸಂದನ್ನು ನೋಡತೊಡಗಿದೆ. ಎಂಟು ತಿಂಗಳಲ್ಲಿ ಆಗದ ಕೆಲಸದ ಅರ್ಧ ಮುಂದಿನ ಆರು ವಾರಗಳಲ್ಲಿ ಮುಗಿಯಿತು. ಮರುಳಾದ ಕಣ್ಣಿಗೆ ಆಭರಣವಾಗಿ ಕಂಡಿದ್ದ ನೆಲವೇ ನನಗೆ ಲೆಕ್ಕಪತ್ರವಾಯಿತು. ಅಸ್ಟೇರ್ ಅವರ ಕಾಲುಗಳು ಅಡ್ಡ ಬಂದು ಪೊವೆಲ್ ಅವರ ಪ್ರತಿಬಿಂಬ ಕಳೆದುಹೋಗುವ ಕೆಲವು ಜಾಗಗಳಿವೆ. ಅಲ್ಲಿ ನಾನು ಅವರ ದೇಹದ ಬೇರೊಂದು ಅಂಗದಿಂದ ಭಾರವನ್ನು ಓದುತ್ತೇನೆ. ಅದು ಯಾವ ಅಂಗ ಎಂಬುದನ್ನು ನನ್ನ ವಿದ್ಯಾರ್ಥಿನಿಯರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಬರೆಯುವುದಕ್ಕೆ ಹೆಜ್ಜೆಗಳ ಇಂಗ್ಲಿಷ್ ಹೆಸರುಗಳನ್ನು ಬಿಟ್ಟು, ಭರತನಾಟ್ಯದಲ್ಲಿ ಹೆಜ್ಜೆಗೆ ಬಾಯಲ್ಲಿ ಹೇಳುವ ಅಕ್ಷರಗಳಾದ ಸೊಲ್ಲುಗಳನ್ನು ಹಿಡಿದೆ. ಮುಂಪಾದ ಊರಿದರೆ ‘ತ’, ಹಿಮ್ಮಡಿ ಬಿದ್ದರೆ ‘ಧಿ’, ಮುಂದಕ್ಕೆ ಬೀಸಿದರೆ ‘ಕಿ’, ಹಿಂದಕ್ಕೆ ಸೆಳೆದರೆ ‘ಟ’. ಬಲಗಾಲು ನೀಲಿ ಶಾಯಿ, ಎಡಗಾಲು ಕೆಂಪು ಶಾಯಿ. ಹೀಗೆ ಮಾಡಿದರೆ ಶಫಲ್ ‘ಕಿಟ’ ಆಗುತ್ತದೆ, ಫ್ಲ್ಯಾಪ್ ‘ಕಿತ’ ಆಗುತ್ತದೆ, ಕ್ರ್ಯಾಂಪ್ ರೋಲ್ ‘ತತಧಿಧಿ’ ಆಗುತ್ತದೆ. ಹೆಜ್ಜೆಯ ಹೆಸರು ಬರೆದರೆ ಅದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತು ಎಂದು ಮೊದಲೇ ತೀರ್ಮಾನಿಸಬೇಕು. ಪೊವೆಲ್ ಒಂದು ಹೆಜ್ಜೆಯ ಬಾಲವನ್ನು ಇನ್ನೊಂದರ ತಲೆಗೆ ಹೊಸೆಯುವುದರಿಂದ ಆ ತೀರ್ಮಾನವೇ ಹತ್ತರಲ್ಲಿ ಆರು ಸಲ ತಪ್ಪಾಗುತ್ತಿತ್ತು. ಸೊಲ್ಲಿಗೆ ಆ ತೊಂದರೆ ಇಲ್ಲ, ಬಾಯಲ್ಲಿ ಹೇಳಿಕೊಂಡೇ ಅಡುಗೆ ಮಾಡಬಹುದು.

ನಡೆಯ, ಅಂದರೆ ತಾಳದ ಒಂದು ಎಣಿಕೆಯನ್ನು ಎಷ್ಟು ಅಕ್ಷರಗಳಾಗಿ ಒಡೆಯುವುದೆಂಬ, ವಿಷಯದಲ್ಲಿ ಮಾತ್ರ ನನ್ನ ಕರ್ನಾಟಕ ಸಂಗೀತದ ತಿಳಿವಳಿಕೆಯೇ ನನ್ನನ್ನು ದಾರಿ ತಪ್ಪಿಸಿತು. ಜಾಜ್ ಸಂಗೀತದ ತೂಗುವ ಲಯವಾದ ಸ್ವಿಂಗ್ ಎಂದರೆ ಮೂರಕ್ಷರದ ತಿಶ್ರ ನಡೆಯಲ್ಲಿ ನಡುವಿನ ಅಕ್ಷರಕ್ಕೆ ಕಾರ್ವೆ (ಪೆಟ್ಟಿಲ್ಲದ ಬಿಡುವು) ಕೊಟ್ಟಂತೆ ಎಂದುಕೊಂಡು ಎಲ್ಲವನ್ನೂ ‘ತಾ-ಕಿ, ತಾ-ಕಿ’ ಎಂದು ಬರೆದೆ. ಕುಣಿದು ರೆಕಾರ್ಡ್ ಮಾಡಿ ಕೇಳಿದರೆ ಕುಂಟುವ ಕುದುರೆಯ ಸದ್ದು. ವೇಗ ಹೆಚ್ಚಿದಂತೆ ಸ್ವಿಂಗ್ ಸಪಾಟಾಗುತ್ತಾ ನಾಲ್ಕಕ್ಷರದ ಚತುರಶ್ರದ ಕಡೆಗೆ ವಾಲುತ್ತದೆ. ಪೊವೆಲ್ ಅವರ ಪೆಟ್ಟು ಎರಡರ ನಡುವೆ ಎಲ್ಲೋ ಬೀಳುತ್ತದೆ, ಅದೂ ಒಂದೇ ಆವರ್ತದೊಳಗೆ ಜಾಗ ಬದಲಿಸುತ್ತದೆ. ಅದನ್ನು ಅಂಕಿಯಲ್ಲಿ ಹಿಡಿಯುವ ಪ್ರಯತ್ನವನ್ನು ಐದಾರು ವಾರಗಳ ಮೇಲೆ ಕೈಬಿಟ್ಟೆ. ಸೊಲ್ಲುಗಳನ್ನು ಚತುರಶ್ರದಲ್ಲೇ ಬರೆದು, ಚಿತ್ರದ ಸದ್ದಿನ ಜೊತೆಗೆ ದಿನಕ್ಕೆ ನಲವತ್ತು ಸಲ ಬಾಯಲ್ಲಿ ಹೇಳಿ, ನಾಲಿಗೆ ಒಲಿದ ಮೇಲೆ ಕಾಲಿಗೆ ಇಳಿಸಿದೆ. ಮೊದಲು ಕೈಬಿಟ್ಟಿದ್ದ ಕಿವಿ ಇಲ್ಲಿ ಮರಳಿ ಕೆಲಸಕ್ಕೆ ಬಂತು: ಕಾಲನ್ನು ಕಣ್ಣು ಹೇಳಬೇಕು, ಕಾಲವನ್ನು ಕಿವಿ ಹೇಳಬೇಕು.

ದೇಹದ ಕಥೆ ಬೇರೆಯೇ ಆಯಿತು. ಮೊಣಕಾಲು ಬಾಗಿಸಿ ನಿಲ್ಲುವ ಅರೆಮಂಡಿಯಲ್ಲಿ ಇಡೀ ಅಂಗಾಲನ್ನು ಬಡಿದು ಬೆಳೆದ ಕಾಲಿಗೆ ಕಣಕಾಲನ್ನು ಸಡಿಲ ಬಿಡುವುದು ಬರುವುದಿಲ್ಲ. ಮುಂಪಾದದ ಮೇಲೆ ಹಾರಿ ಹಿಮ್ಮಡಿ ಬಡಿಯುವ ಕುದಿತ್ತುಮೆಟ್ಟಿನ ಅಭ್ಯಾಸವಿದ್ದವರಿಗೆ ಹಿಮ್ಮಡಿ ಬೀಳಿಸುವುದು ಸುಲಭ ಎಂದು ನಾನು ನಂಬಿದ್ದೆ. ಬೀಳಿಸುವುದು ಸುಲಭವೇ, ಬಿದ್ದದ್ದನ್ನು ಅರೆಕ್ಷಣದಲ್ಲಿ ಬಿಡಿಸಿಕೊಳ್ಳುವುದು ಕಷ್ಟ. ಪೊವೆಲ್ ಅವರ ತೊಂದರೆ ಇದಕ್ಕೆ ತದ್ವಿರುದ್ಧವಾಗಿತ್ತು. ಬ್ಯಾಲೆ ಕಲಿತ ಅವರು ಗಾಳಿಯಲ್ಲೇ ತೇಲುತ್ತಿದ್ದರಂತೆ. ಟ್ಯಾಪ್ ನರ್ತಕ ಜ್ಯಾಕ್ ಡಾನಹ್ಯೂ ಅವರ ಶಾಲೆಯಲ್ಲಿ 35 ಡಾಲರಿಗೆ ಹತ್ತು ಪಾಠಗಳನ್ನು ಕಲಿತಾಗ ಸೊಂಟದ ಪಟ್ಟಿಗೆ ಮರಳಿನ ಚೀಲಗಳನ್ನು ಕಟ್ಟಿ ತಮ್ಮನ್ನು ನೆಲಕ್ಕೆ ಇಳಿಸಿದರೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅವರು ಟ್ಯಾಪ್ ಕಲಿತದ್ದು ಅಷ್ಟೇ, ಹತ್ತು ಪಾಠ. ನಾನೂ ಐದೈದು ಪೌಂಡಿನ ಎರಡು ಚೀಲಗಳನ್ನು ಕಟ್ಟಿಕೊಂಡು ಮೂರು ವಾರ ಕುಣಿದು ನೋಡಿದೆ. ಹಿಮ್ಮಡಿಯ ಸದ್ದು ನಿಜಕ್ಕೂ ಶುದ್ಧವಾಯಿತು, ಎರಡೂ ಪಾದಗಳನ್ನು ಹಿಂದಕ್ಕೆ ಸೆಳೆದು ಹಾರುವ ಪುಲ್‌ಬ್ಯಾಕ್ ಪೂರ್ತಿ ಸತ್ತುಹೋಯಿತು, ನಾಲ್ಕನೆಯ ವಾರ ಬೆನ್ನು ಹಿಡಿದುಕೊಂಡು ಫಿಸಿಯೋಥೆರಪಿಗೆ ಮುನ್ನೂರು ಡಾಲರ್ ಹೋಯಿತು. ಭರತನಾಟ್ಯದಿಂದ ಬಂದವರು ಈ ಪ್ರಯೋಗ ಮಾಡಬಾರದು. ನಮಗೆ ಭಾರ ಮೊದಲೇ ಇದೆ.

ಹಣದ ಲೆಕ್ಕವನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ಜೋಡಿ ಬೂಟು ನಲವತ್ತು ಡಾಲರಿನದು, ಅದರ ತಗಡು ಎರಡೇ ತಿಂಗಳಲ್ಲಿ ಅಲ್ಲಾಡತೊಡಗಿ ಒಂದು ಪೆಟ್ಟು ಎರಡಾಗಿ ಕೇಳಿಸುತ್ತಿತ್ತು. ಅದನ್ನು ನಾನು ನನ್ನ ಸಾಧನೆ ಎಂದು ಬಹಳ ದಿನ ನಂಬಿದ್ದೆ. ಆಮೇಲಿನ ಎರಡು ಜೋಡಿಗೆ ಮುನ್ನೂರೈವತ್ತರ ಹತ್ತಿರ ಆಯಿತು. ಮೇಪಲ್ ಹಲಗೆಗೆ ಇನ್ನೂರಿಪ್ಪತ್ತು. ಹಲಗೆ ಬಂದ ತಿಂಗಳಿಗೇ ಕೆಳಮನೆಯವರ ದೂರಿನಿಂದಾಗಿ ಫ್ಲ್ಯಾಟ್ ಬಿಟ್ಟು ಗ್ಯಾರೇಜು ಇರುವ ಮನೆ ಹುಡುಕಬೇಕಾಯಿತು, ಅದರ ಖರ್ಚನ್ನು ಇಲ್ಲಿ ಸೇರಿಸಿಲ್ಲ. ಗಂಟೆಗೆ ಇಪ್ಪತ್ತೈದರಂತೆ ಸ್ಟುಡಿಯೊ ಬಾಡಿಗೆ ಸಾವಿರದಷ್ಟು, ಶಿಕ್ಷಕಿಯ ಖಾಸಗಿ ಪಾಠಗಳಿಗೆ ಎರಡು ಸಾವಿರದಷ್ಟು. ಡಿಸ್ಕು, ಹಳೆಯ ಪ್ರೊಜೆಕ್ಟರ್ ಎಲ್ಲ ಸೇರಿ ನಾಲ್ಕು ವರ್ಷಗಳಲ್ಲಿ ನಾಲ್ಕು ಸಾವಿರ ಡಾಲರ್ ದಾಟಿದೆ. ಈಗ ತಿಳಿದಿರುವುದು ಆಗಲೇ ತಿಳಿದಿದ್ದರೆ ಅರ್ಧಕ್ಕೆ ಮುಗಿಯುತ್ತಿತ್ತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 1942ರ ‘ಶಿಪ್ ಅಹೋಯ್’ ಚಿತ್ರದಲ್ಲಿ ಪೊವೆಲ್ ಅವರ ಪಾತ್ರ ಟ್ಯಾಪ್ ಕುಣಿಯುತ್ತಲೇ ಮೋರ್ಸ್ ಸಂಕೇತದಲ್ಲಿ ಸಂದೇಶ ಕಳಿಸುತ್ತದೆ. ಟ್ಯಾಪ್ ಪೆಟ್ಟಿಗೆ ಉದ್ದವೆಂಬುದಿಲ್ಲವಾದ್ದರಿಂದ ಚುಕ್ಕೆ ಮತ್ತು ಗೆರೆಯನ್ನು ಬೇರೆ ಮಾಡುವುದು ಹೇಗೆಂದು ನನಗೆ ಕುತೂಹಲ. ಚುಕ್ಕೆಗೆ ‘ತ’, ಗೆರೆಗೆ ಮುಂಪಾದವನ್ನು ನೆಲದ ಮೇಲೆ ಎಳೆಯುವ ಜಾರು ಎಂದಿಟ್ಟುಕೊಂಡು ನನ್ನ ಮಗಳ ಹೆಸರನ್ನು ಕುಣಿದೆ. ಸಂಕೇತ ಬಲ್ಲ ನೆರೆಯ ಹಿರಿಯರೊಬ್ಬರು ಎರಡನೆಯ ಸಲಕ್ಕೆ ಓದಿದರು. ತಾಳಕ್ಕೆ ಕೂರಿಸಲು ಹೋದಾಗ ಮಾತ್ರ ಅಕ್ಷರಗಳ ನಡುವಿನ ಬಿಡುವು ಕೆಟ್ಟು ಸಂದೇಶ ಕಲಸಿಹೋಯಿತು. ಎರಡು ತಿಂಗಳು ಹೋದರೂ ಬೇಸರವಿಲ್ಲ, ನನ್ನ ಜಾರುಗಳು ಹದಕ್ಕೆ ಬಂದದ್ದು ಅದರಿಂದಲೇ.

ಕಳೆದ ವರ್ಷದ ಪ್ರದರ್ಶನಕ್ಕೆ ಮೊದಲು ಮೈಸೂರಿಗೆ ಹೋದಾಗ ಗುರುಗಳ ಮುಂದೆ, ಅವರ ಹಳೆಯ ಕಡಪ ಕಲ್ಲಿನ ನೆಲಕ್ಕೆ ಗೀರು ಬೀಳಬಾರದೆಂದು ಬರಿಗಾಲಿನಲ್ಲೇ ಸೊಲ್ಲು ಹೇಳುತ್ತಾ ಕುಣಿದು ತೋರಿಸಿದೆ. “ಸೊಲ್ಲು ಸರಿಯಾಗಿದೆಯಮ್ಮಾ, ಮುಖ ಯಾಕೆ ಲೆಕ್ಕ ಹಾಕ್ತಾ ಇದೆ?” ಎಂದರು. ಅದು ನಿಜವಾಗಿತ್ತು. ಪೊವೆಲ್ ಅವರ ಮುಖ ಎಲ್ಲಿಯೂ ಲೆಕ್ಕ ಹಾಕುವುದಿಲ್ಲ. ಮರಳಿ ಬಂದು ಕೊನೆಯ ಎರಡು ತಿಂಗಳು ನಾನು ಕಾಲನ್ನು ಬಿಟ್ಟು ಅವರ ಕುತ್ತಿಗೆ ಮತ್ತು ಹೆಗಲುಗಳನ್ನಷ್ಟೇ ಅಭ್ಯಾಸ ಮಾಡಿದೆ, ಆಮೇಲೆಯೇ ಐವತ್ತು ಸೆಕೆಂಡುಗಳು ಒಂದು ಉಸಿರಿಗೆ ಬಂದವು. ಎರಡು ಕಡೆ ನಾನು ತಪ್ಪಿದೆ. ನನ್ನ ಶಿಕ್ಷಕಿ ಒಂದನ್ನು ಹಿಡಿದರು.

ಈಗ 1941ರ ‘ಲೇಡಿ ಬಿ ಗುಡ್’ ಚಿತ್ರದ ‘ಫ್ಯಾಸಿನೇಟಿಂಗ್ ರಿದಮ್’ ಹಿಡಿದಿದ್ದೇನೆ. ಆ ನೃತ್ಯವನ್ನು ಚಿತ್ರೀಕರಿಸುತ್ತಿದ್ದ ಕ್ಯಾಮೆರಾವನ್ನೂ ಪರದೆಗಳನ್ನೂ ಪಿಯಾನೋಗಳನ್ನೂ ಜನರು ತಳ್ಳಾಡುವುದನ್ನು ಇನ್ನೊಂದು ಕ್ಯಾಮೆರಾ ಸೆರೆಹಿಡಿದಿತ್ತು. 1994ರ ‘ದಟ್ಸ್ ಎಂಟರ್‌ಟೇನ್‌ಮೆಂಟ್! 3’ ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸುತ್ತದೆ. ಪೊವೆಲ್ ಅವರ ಕುಣಿತವನ್ನು ಎರಡು ಕಡೆಯಿಂದ ನೋಡಲು ಸಿಗುವ ಇಂಥ ಜಾಗ ನನಗೆ ಬೇರೆ ಸಿಕ್ಕಿಲ್ಲ. ಸಾಲಾಗಿ ನಿಂತ ಗಂಡಸರು ಅವರನ್ನು ಉರುಳಿಸುತ್ತಾ ಸಾಗಿಸುವ ಕೊನೆಯ ಭಾಗವನ್ನು ನನ್ನ ವಯಸ್ಸಿನ ಬೆನ್ನಿಗೆ ಒಪ್ಪಿಸುವುದಿಲ್ಲ. ಮೊದಲ ಹದಿನಾರು ಆವರ್ತ ನೀಲಿ ಕೆಂಪು ಶಾಯಿಯಲ್ಲಿ ಬರೆದಾಗಿದೆ. ಹದಿನೇಳನೆಯದರಲ್ಲಿ ಒಂದು ಕೆಂಪು ‘ಧಿ’ ಇದೆಯೋ ಇಲ್ಲವೋ ಎಂದು ಮೂರು ವಾರಗಳಿಂದ ನೋಡುತ್ತಿದ್ದೇನೆ.